ಜೂನ್ ತಿಂಗಳ ಹುರುಳಿಕಾಯಿ

ತರಕಾರಿ ರಫ್ತಿನ ಕಂಪನಿಗಳಿಗೆ ಹೊಸದಾಗಿ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗಲೂ ಒಬ್ಬಿಬ್ಬರು ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಮನೆಗೆ ಬಂದು, ‘ಅಂಕಲ್, ಈ ಲೈನಲ್ಲಿ ಮುಖ್ಯವಾಗಿ ಏನು ಕಲೀಬೇಕು?’ ಎಂದು ಕೇಳುವುದುಂಟು. ಅವರ ತಲೆಯಲ್ಲಿರುವುದು ಕಂಪ್ಯೂಟರು, ಸರ್ಟಿಫಿಕೇಟು, ಕೋಲ್ಡ್ ಸ್ಟೋರಿನ ಟೆಂಪರೇಚರು. ಅವೆಲ್ಲ ಆರು ತಿಂಗಳಲ್ಲಿ ತಾವಾಗಿಯೇ ಬರುತ್ತವೆ. ನಾನು ಅವರಿಗೆ ಹಾಕುವ ಮೊದಲ ಪ್ರಶ್ನೆ ಬೇರೆ. ಇಂಗ್ಲೆಂಡಿನ ನೆಲದಲ್ಲಿ ಏನು ಬೆಳೆಯುತ್ತದೆ, ಏನು ಬೆಳೆಯುವುದಿಲ್ಲ, ಯಾವ ತಿಂಗಳಲ್ಲಿ? ಇದು ಗೊತ್ತಿಲ್ಲದವನು ಈ ಕೆಲಸಕ್ಕೆ ಬರಬಾರದು. ನಮ್ಮ ಅನ್ನ ಇದ್ದದ್ದು ನಮ್ಮ ಹೊಲದಲ್ಲಲ್ಲ, ಅವರ ಚಳಿಯಲ್ಲಿ.

ಎರಡನೆಯ ಪ್ರಶ್ನೆಯೂ ಒಂದಿದೆ. ಅದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು, ಕಲಿತ ಶುಲ್ಕವನ್ನು ಬೇರೆಯವರು ಕಟ್ಟಿದರು. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಪ್ಪ ಚಿಕ್ಕಬಳ್ಳಾಪುರದ ಕಡೆಯಿಂದ ಹುರುಳಿಕಾಯಿ, ಅಂದರೆ ಬೀನ್ಸಿನ ಮೂಟೆ ತಂದು ಬೆಂಗಳೂರಿನ ಮಂಡಿಗೆ ಹಾಕುತ್ತಿದ್ದರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಮೀಸೆ ಬರುವ ಮೊದಲೇ ಕಲಿತೆ. ಎಂಬತ್ತರ ದಶಕದ ಆರಂಭದಲ್ಲಿ ಪರಿಚಯದವರೊಬ್ಬರ ಕೈಹಿಡಿದು ನೈರೋಬಿಗೆ ಬಂದು, ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಸ್ಟೋರ್ ಕೀಪರ್ ಆದೆ. ಶೆಡ್ಡಿನ ಮಾಲೀಕರು ಜಯಂತಿಭಾಯಿ. ಇಲ್ಲೇ ಹುಟ್ಟಿ ಬೆಳೆದ ಗುಜರಾತಿಯವರು. ನನ್ನ ಜೊತೆ ಸ್ವಾಹಿಲಿ ಬೆರೆಸಿದ ಹಿಂದಿಯಲ್ಲಿ ಮಾತಾಡುತ್ತಿದ್ದರು. ವರ್ಷ ಕಳೆಯುವುದರೊಳಗೆ ನನ್ನ ಬಾಯಿಯ ಚುರುಕು ಅವರಿಗೆ ಗೊತ್ತಾಯಿತು. ಸ್ಟೋರಿನ ಬೀಗದ ಕೈ ಕಸಿದುಕೊಂಡು, ಹಳ್ಳಿ ತಿರುಗಿ ತರಕಾರಿ ಬೆಳೆಸುವ, ಕೊಳ್ಳುವ ಕೆಲಸಕ್ಕೆ ಹಾಕಿದರು.

ನನ್ನ ಮೊದಲ ಪ್ರಮಾದ ಬಟಾಣಿಯದು. ಯಾವುದೋ ಹಳ್ಳಿಯಲ್ಲಿ ಹಸಿ ಬಟಾಣಿ ಬಹಳ ಅಗ್ಗಕ್ಕೆ ಸಿಕ್ಕಿತು. ಚೌಕಾಸಿಯ ಖುಷಿಯಲ್ಲಿ ಪಿಕಪ್ ತುಂಬ ಕೊಂಡು ಜುಲೈ ತಿಂಗಳಲ್ಲಿ ಲಂಡನ್ನಿಗೆ ವಿಮಾನ ಹತ್ತಿಸಿದೆ. ಅಲ್ಲಿಯ ಖರೀದಿದಾರನಿಂದ ಮಾರನೆಯ ದಿನವೇ ಟೆಲೆಕ್ಸ್ ಬಂತು. ಈ ವಾರ ತನ್ನ ಅತ್ತೆ ಹಿತ್ತಲಿನ ಬಟಾಣಿಯನ್ನು ಬುಟ್ಟಿಗಟ್ಟಲೆ ಬಿಟ್ಟಿ ಕೊಡುತ್ತಿದ್ದಾಳೆ, ಅದನ್ನೇ ತಿಂದು ಮುಗಿಸಲಾಗುತ್ತಿಲ್ಲ, ನಿಮ್ಮದನ್ನು ಎಲ್ಲಿ ಹೂಳಬೇಕು ತಿಳಿಸಿ ಎಂದು ಬರೆದಿದ್ದ. ಜಯಂತಿಭಾಯಿ ಆ ಕಾಗದವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದರು. ಎರಡು ತಿಂಗಳು ಅದು ಅಲ್ಲೇ ಇತ್ತು.

ಆಗ ನಾನೊಂದು ನೋಟ್ ಬುಕ್ ಮಾಡಿದೆ. ಮೂರು ತಲೆಬರಹ. ಒಂದನೆಯದು ‘ಬೆಳೆಯಲಾರರು’: ಬೆಂಡೆ, ಹಾಗಲ, ಮಾವು, ಶುಂಠಿ. ಇಂಗ್ಲೆಂಡು ತಲೆಕೆಳಗಾಗಿ ನಿಂತರೂ ಅಲ್ಲಿಯ ಬಯಲಿನಲ್ಲಿ ಇವು ಬರುವುದಿಲ್ಲ. ಅಲ್ಲಿಯ ನಮ್ಮವರ ಅಂಗಡಿಗಳಿಗೆ ವರ್ಷವಿಡೀ ಬೇಕು. ಆದರೆ ಇವು ಹಾಳಾಗುವುದೂ ಬೇಗ. ಬಲಿತ ಹಾಗಲ ವಿಮಾನದೊಳಗೆ ಹಣ್ಣಾಗಿ ಬಾಯಿ ಬಿಟ್ಟು ಪೆಟ್ಟಿಗೆಯನ್ನೇ ಕೆಡಿಸುತ್ತದೆ. ಎರಡನೆಯದು ‘ಬೆಳೆಯುತ್ತಾರೆ’: ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಸೇಬು. ಇವು ತಂಪಿನ ಮಕ್ಕಳು. ಬೆಳೆದದ್ದನ್ನು ಗೋದಾಮಿನಲ್ಲಿಟ್ಟು ಚಳಿಗಾಲವೆಲ್ಲ ತಿನ್ನುತ್ತಾರೆ. ಅದರ ತಂಟೆಗೆ ಹೋಗಬಾರದು. ಮೂರನೆಯದು ‘ಅರ್ಧ ವರ್ಷ’. ಬಟಾಣಿ, ಕುಂಬಳದ ಜಾತಿಯ ಎಳೆಗಾಯಿಗಳು, ಎಲ್ಲಕ್ಕಿಂತ ಮೇಲಾಗಿ ಹುರುಳಿಕಾಯಿ. ಅವರ ಬೇಸಿಗೆಯಲ್ಲಿ ಇವು ಅವರ ಹೊಲದಲ್ಲೇ ಇರುತ್ತವೆ. ಹಿಮ ಬಿದ್ದ ದಿನದಿಂದ ನಮ್ಮ ಕಡೆ ಕೈಚಾಚುತ್ತಾರೆ. ಅಕ್ಟೋಬರಿನಿಂದ ಮೇ ಕೊನೆಯವರೆಗೆ ನಮ್ಮ ಕಾಲ. ಜೂನ್ ಬಂತೆಂದರೆ ಬಾಗಿಲು ಮುಚ್ಚಿತು. ಲಾಭವೆಲ್ಲ ಈ ಮೂರನೆಯ ಹಾಳೆಯಲ್ಲಿದೆ. ಪಾಪವೆಲ್ಲ ಕೂಡ ಅಲ್ಲೇ ಇದೆ ಎಂದು ಆಗ ಗೊತ್ತಿರಲಿಲ್ಲ.

ಒಂದು ಸಲ ಜಯಂತಿಭಾಯಿ ನನ್ನನ್ನು ಇಂಗ್ಲೆಂಡಿಗೆ ಕಳಿಸಿದರು. ನಾಲ್ಕೇ ದಿನ, ಜೂನ್ ಕೊನೆಯಲ್ಲಿ. ನೈರೋಬಿಯಲ್ಲಿ ವರ್ಷವಿಡೀ ಸೂರ್ಯ ಆರೂವರೆಗೆ ಹುಟ್ಟಿ ಆರೂವರೆಗೆ ಮುಳುಗುತ್ತಾನೆ. ಭೂಮಧ್ಯರೇಖೆಯ ಮೇಲಿರುವವರಿಗೆ ಬೇರೆ ಲೆಕ್ಕ ತಲೆಗೇ ಬರುವುದಿಲ್ಲ. ಅಲ್ಲಿ ಊಟ ಮುಗಿಸಿ ಒಂಬತ್ತು ಗಂಟೆಗೆ ಹೊರಗೆ ಬಂದರೆ ಹೊಲದ ಮೇಲೆ ಬಿಸಿಲು ಬಿದ್ದಿತ್ತು. ಅಷ್ಟು ಉದ್ದದ ಹಗಲನ್ನು ಕುಡಿದು ಹುರುಳಿ ಬಳ್ಳಿ ಕಣ್ಣೆದುರೇ ಬೆಳೆಯುವಂತಿತ್ತು. ಈ ಹಗಲಿನ ಎದುರು ನಾವು ಎಷ್ಟು ಚೌಕಾಸಿ ಮಾಡಿದರೂ ಗೆಲ್ಲುವುದಿಲ್ಲ ಎಂದು ಆ ದಿನ ಅರ್ಥವಾಯಿತು. ಇನ್ನೊಂದು ಸೋಜಿಗ ನೋಡಿದೆ. ಕೆಲವು ಹೊಲಗಳ ಬೇಲಿಗೆ, ನೀವೇ ಕಿತ್ತುಕೊಳ್ಳಿ ಎಂದು ಬೋರ್ಡು ಹಾಕಿದ್ದರು. ಜನ ಕಾರಿನಲ್ಲಿ ಬಂದು, ಕೂಲಿಯವರಂತೆ ಬಗ್ಗಿ ಕಾಯಿ ಕಿತ್ತು, ತಾವೇ ದುಡ್ಡು ಕೊಟ್ಟು ಹೋಗುತ್ತಿದ್ದರು.

ಈ ಎರಡನ್ನೂ ವಾಪಸು ಬಂದು ನಾನು ಹೇಳಿದ್ದು ಮಾಮಾ ಮ್ವೆಂಡೆಗೆ. ಥಿಕಾ ದಾಟಿ ಗಾರಿಸ್ಸಾ ರಸ್ತೆಯಲ್ಲಿ ಹೋದರೆ ಕಾಲುವೆ ನೀರಿನ ಹಳ್ಳಿಗಳಿವೆ. ಅಲ್ಲಿ ನಮಗೆ ಹುರುಳಿಕಾಯಿ ಬೆಳೆದುಕೊಡುವ ಮೂವತ್ತು ನಲವತ್ತು ಮನೆಗಳಿದ್ದವು. ಕಾಯಿಗೆ ಅವರು ಮಿಶಿರಿ ಎನ್ನುತ್ತಿದ್ದರು, ನನಗೆ ಬ್ವಾನಾ ಮಿಶಿರಿ, ಅಂದರೆ ಹುರುಳಿಕಾಯಿ ಸಾಹೇಬ, ಎಂದು ಹೆಸರಿಟ್ಟಿದ್ದರು. ಅಲ್ಲಿ ಹೆಂಗಸರನ್ನು ಅವರ ಹಿರಿಯ ಮಗುವಿನ ಹೆಸರಿನಿಂದ ಕರೆಯುವುದು ವಾಡಿಕೆ. ಮ್ವೆಂಡೆ ಎಂಬ ಹುಡುಗಿಯ ತಾಯಿಯಾದ್ದರಿಂದ ಈಕೆ ಮಾಮಾ ಮ್ವೆಂಡೆ. ನಮ್ಮ ಖರೀದಿಯ ಪುಸ್ತಕದಲ್ಲೂ ಅದೇ ಹೆಸರು. ಸ್ವಂತ ಹೆಸರು ಏನೆಂದು ನಾನು ಕೇಳಿರಲೇ ಇಲ್ಲ. ಗಂಡ ಮೊಂಬಾಸಾ ಕಡೆ ಕೆಲಸಕ್ಕೆ ಹೋದವನು ವರ್ಷಕ್ಕೊಮ್ಮೆ ಬಂದರೆ ಬಂದ. ಮನೆಯಲ್ಲಿ ಅತ್ತೆ, ಮೂರು ಮಕ್ಕಳು, ಕಾಲುವೆ ಪಕ್ಕದ ಒಂದು ತುಂಡು ನೆಲ. ಆ ನೆಲದಿಂದ ಅವಳು ತರುವ ಕಾಯಿ ಸೂಜಿಯ ಹಾಗೆ ನೆಟ್ಟಗಿರುತ್ತಿತ್ತು.

ರಾತ್ರಿ ಒಂಬತ್ತರವರೆಗೆ ಬಿಸಿಲಿರುತ್ತದೆ ಎಂದಾಗ ಅವಳು, ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ನಕ್ಕಳು. ‘ಸುಳ್ಳು ಹೇಳ್ಬೇಡಿ ಬ್ವಾನಾ. ಹಾಗಾದ್ರೆ ಅಲ್ಲಿ ಕೋಳಿಗಳು ಗೂಡಿಗೆ ಹೋಗೋದು ಯಾವಾಗ?’ ನಮ್ಮ ಮಾತೆಲ್ಲ ಸ್ವಾಹಿಲಿಯಲ್ಲಿ. ನನ್ನದೂ ಅರೆಬರೆ, ಅವಳದೂ ಅರೆಬರೆ. ಕಾಯಿ ಕೀಳಲು ದುಡ್ಡು ಕೊಡುವ ಜನರ ಕಥೆ ಕೇಳಿ, ‘ಅವ್ರನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ನನ್ನ ಹೊಲದಲ್ಲೂ ಕೀಳ್ಲಿ, ನಾನು ಟೀ ಬೇರೆ ಕೊಡ್ತೀನಿ’ ಎಂದಳು. ಆದರೆ ಅವಳು ಬರೀ ನಗುವ ಹೆಂಗಸಲ್ಲ. ಕೊನೆಗೆ ಒಂದು ಮಾತು ಕೇಳಿದಳು: ‘ಅಂದ್ರೆ ಜೂನ್‌ನಲ್ಲಿ ಅವರು ತಮ್ಮದನ್ನೇ ತಿಂತಾರೆ, ನಮ್ಮದು ಬೇಡ. ಅಲ್ವಾ?’ ಹೌದು ಎಂದೆ. ನನ್ನ ಮೂರು ತಲೆಬರಹವನ್ನು ಅಷ್ಟು ಬೇಗ ಅರ್ಥ ಮಾಡಿಕೊಂಡವರು ನಮ್ಮ ಆಫೀಸಿನಲ್ಲೂ ಇರಲಿಲ್ಲ.

ಈಗ ಕಸುಬಿನ ಗುಟ್ಟೊಂದನ್ನು ಹೇಳಿಬಿಡುತ್ತೇನೆ. ಅಂದಿನ ಎಲ್ಲ ಶೆಡ್ಡುಗಳಲ್ಲೂ ನಡೆಯುತ್ತಿತ್ತು ಎಂದು ಹೇಳಲಾರೆ, ನಮ್ಮದರಲ್ಲಿ ನಡೆಯುತ್ತಿತ್ತು. ಕಾಯಿ ಬಂದ ಮೇಲೆ ಮೇಜಿನ ಮೇಲೆ ಹರಡಿ, ಹೆಣ್ಣಾಳುಗಳು ಆರಿಸುತ್ತಾರೆ. ಬಾಗಿದ್ದು, ಚುಕ್ಕೆ ಬಿದ್ದದ್ದು, ದಪ್ಪನಾದದ್ದು ರಿಜೆಕ್ಟ್. ಉಳಿದದ್ದಕ್ಕೆ ಮಾತ್ರ ರೈತನಿಗೆ ಹಣ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಎಷ್ಟು ಬಾಗಿದರೆ ಬಾಗಿದ್ದು? ಅದನ್ನು ತೀರ್ಮಾನಿಸುತ್ತಿದ್ದದ್ದು ಲಂಡನ್ನಿನ ಹವೆ. ಅಲ್ಲಿ ಹಿಮ ಸುರಿದರೆ ನಮ್ಮ ಮೇಜಿನ ಮೇಲೆ ಕುಡುಗೋಲಿನಂಥ ಕಾಯಿಯೂ ನೆಟ್ಟಗಾಗುತ್ತಿತ್ತು. ಅಲ್ಲಿ ಬಿಸಿಲು ಬಂದರೆ ಜಯಂತಿಭಾಯಿ ಮೇಜಿನ ಪಕ್ಕ ಹಾದುಹೋಗುತ್ತಾ, ‘ಕೈ ಸ್ವಲ್ಪ ಬಿಗಿ ಮಾಡಿ’ ಎನ್ನುತ್ತಿದ್ದರು. ಅಷ್ಟೇ ಮಾತು. ನಿನ್ನೆಯ ನೆಟ್ಟಗಿನ ಕಾಯಿ ಇವತ್ತು ಸೊಟ್ಟ. ಬೇಡ ಎನ್ನುವುದಕ್ಕೆ ಕಾರಣ ಕೊಡಬೇಕಾಗುತ್ತದೆ, ರಿಜೆಕ್ಟ್ ಎನ್ನುವುದಕ್ಕೆ ಕಾರಣ ಕಾಯಿಯಲ್ಲೇ ಇರುತ್ತದೆ. ಇದನ್ನು ನಾನು ಜಾಣತನ ಅಂದುಕೊಂಡಿದ್ದೆ. ಮಂಡಿಯಲ್ಲಿ ಬೆಳೆದವನಿಗೆ ಬೇರೇನು ತೋರುತ್ತದೆ?

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಏಪ್ರಿಲ್. ಆ ಹೊತ್ತಿಗೆ ಟೆಲೆಕ್ಸ್ ಹೋಗಿ ಫ್ಯಾಕ್ಸ್ ಬಂದಿತ್ತು. ದೊಡ್ಡ ಕಾರ್ಟನ್ ಹೋಗಿ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೇ ಉದ್ದಕ್ಕೆ ಕತ್ತರಿಸಿದ ಕಾಯಿ ಜೋಡಿಸುವ ಪದ್ಧತಿ ಬಂದಿತ್ತು. ಅಲ್ಲಿಯ ದೊಡ್ಡ ಅಂಗಡಿಯವರಿಗೆ ಕಪಾಟು ಒಂದು ದಿನ ಖಾಲಿ ಬಿದ್ದರೂ ಸಿಟ್ಟು. ಆ ವರ್ಷ ಅವರ ವಸಂತ ಬಹಳ ಚಳಿಯೆಂದೂ, ಅವರ ಬೆಳೆ ತಡವಾಗಬಹುದೆಂದೂ ಖರೀದಿದಾರ ಫ್ಯಾಕ್ಸ್ ಮಾಡಿದ್ದ. ಜೂನಿನಲ್ಲೂ ಕಾಯಿ ಸಿದ್ಧವಿದ್ದರೆ ಒಳ್ಳೆಯದು ಎಂದಿದ್ದ. ಕೊಳ್ಳುತ್ತೇನೆ ಎಂದಿರಲಿಲ್ಲ. ಜಯಂತಿಭಾಯಿ ಆ ಕಾಗದ ನನ್ನ ಮುಂದಿಟ್ಟು, ‘ಹೋಗಿ ಹಾಕಿಸು. ಬೇಕಾದರೆ ಇರಲಿ, ಬೇಡವಾದರೆ ನಮ್ಮದೇನು ಹೋಗುತ್ತೆ’ ಎಂದರು. ಮಳೆ ಬಂದೀತೆಂದು ಹಿಡಿಸಿದ ಕೊಡೆ ಇಂಗ್ಲೆಂಡಿನವರದು. ಅದನ್ನು ಹಿಡಿದು ನಿಲ್ಲಬೇಕಾದವರು ಮಾತ್ರ ಬೇರೆ.

ನಾನು ನೇರ ಮಾಮಾ ಮ್ವೆಂಡೆಯ ಹೊಲಕ್ಕೆ ಹೋದೆ. ಅವಳು ಒಪ್ಪಿದರೆ ಸುತ್ತಲಿನ ಹತ್ತು ಮನೆ ಒಪ್ಪುತ್ತವೆ ಎಂದು ಗೊತ್ತಿತ್ತು. ಅವಳ ನೆಲದಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು, ನಡುವೆ ಅವರು ತಿನ್ನುವ ಕೆಂಪು ಕಾಳಿನ ಗಿಡ. ಪ್ರತಿ ವರ್ಷ ಮಿಶಿರಿ ಮುಗಿಯುತ್ತ ಬಂದಂತೆ ನೆಲದ ಮುಕ್ಕಾಲನ್ನು ಊಟದ ಬೆಳೆಗೆ ಬಿಡುವುದು ಅವಳ ಕ್ರಮ. ಅದನ್ನು ಕಿತ್ತು ಹುರುಳಿ ಹಾಕು ಎಂದೆ.

‘ಜೂನ್‌ನಲ್ಲಿ ಅವರು ತಮ್ಮದೇ ತಿಂತಾರೆ ಅಂತ ನೀವೇ ಹೇಳಿದ್ರಿ’ ಎಂದಳು.

‘ಈ ವರ್ಷ ಅಲ್ಲಿ ಚಳಿ ಬಿಟ್ಟಿಲ್ಲ.’

‘ಬಿಟ್ರೆ?’

‘ಬಿಟ್ರೆ ನಾನಿದ್ದೀನಿ.’

ಎರಡು ದಿನ ಕುದುರಿಸಿದೆ. ಒಂದು ಚೀಲ ಜೋಳದ ಬದಲು ಎರಡು ಚೀಲ ಕೊಳ್ಳುವಷ್ಟು ಬರುತ್ತದೆ ಎಂದೆ. ಅವಳ ಅತ್ತೆ ಬಾಗಿಲಲ್ಲಿ ಕೂತು ಕಾಂಬಾ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಳು. ಏನೆಂದು ಕೇಳಿದರೆ, ‘ಇಂಗ್ಲಿಷರ ಹವಾ ನೋಡಿ ನಮ್ಮ ಹಸಿರು ಜೋಳ ಕೀಳೋದಾ ಅಂತಾಳೆ’ ಎಂದು ಮಾಮಾ ಮ್ವೆಂಡೆ ತಿಳಿಸಿದಳು. ಮೂರನೆಯ ದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಜೋಳದ ಪೈರು ಬದುವಿನ ಮೇಲೆ ಅಡ್ಡ ಬಿದ್ದಿತ್ತು, ಆಡುಗಳು ತಿನ್ನುತ್ತಿದ್ದವು. ವ್ಯಾಪಾರ ಗೆದ್ದ ಹುಮ್ಮಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ನೈರೋಬಿಗೆ ಬಂದದ್ದು ನೆನಪಿದೆ.

ಹುರುಳಿ ಏಳು ವಾರಕ್ಕೆ ಕಾಯಿ ಬಿಡುತ್ತದೆ. ಜೂನ್ ಮೊದಲ ವಾರದ ಕಾಯಿ ಹೋಯಿತು. ಎರಡನೆಯ ವಾರ ಇಂಗ್ಲೆಂಡಿನ ಮೋಡ ಸರಿದು ಬಿಸಿಲು ಬಿತ್ತು. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಬೆಳೆಸಿದ ಅವರ ಕಾಯಿ ಮೊದಲು ಬಂತು. ಅದಕ್ಕೂ ಮುಂಚೆಯೇ ಇಂಗ್ಲೆಂಡಿನ ದಕ್ಷಿಣಕ್ಕಿರುವ ಬೆಚ್ಚಗಿನ ದೇಶಗಳ ಕಾಯಿ ಲಾರಿಯಲ್ಲಿ ಬಂದು ಕಪಾಟಿನ ಸಂದಿಗಳನ್ನೆಲ್ಲ ತುಂಬಿತ್ತು. ನನ್ನ ನೋಟ್ ಬುಕ್ಕಿನ ದೊಡ್ಡ ತಪ್ಪು ಅದೇ. ಅವರು ಏನು ಬೆಳೆಯಲಾರರು ಎಂದು ಬರೆದಿದ್ದೆ, ಅವರ ನೆರೆಯವರು ಏನು ಬೆಳೆಯಬಲ್ಲರು ಎಂದು ಬರೆದಿರಲಿಲ್ಲ. ಬಂದ ಫ್ಯಾಕ್ಸ್ ಒಂದೇ ಸಾಲಿನದು: ಇನ್ನು ಬೇಡ. ಜಯಂತಿಭಾಯಿ ಮೇಜಿನ ಪಕ್ಕ ಹಾದುಹೋದರು. ‘ಕೈ ಬಿಗಿ ಮಾಡಿ.’

ಆ ದಿನಗಳಲ್ಲಿ ಮಾಮಾ ಮ್ವೆಂಡೆಯ ಕಾಯಿಯಲ್ಲಿ ಹತ್ತರಲ್ಲಿ ಒಂಬತ್ತನ್ನು ನಾನೇ ನಿಂತು ತೆಗೆಸಿದೆ. ಕೊನೆಕೊನೆಗೆ ಪೂರ್ತಿ ವಾಪಸು. ಒಂದು ಬೆಳಿಗ್ಗೆ ಅವಳು ಮಟಾಟು ವ್ಯಾನು ಹತ್ತಿ, ಕಾಯಿಯ ಚೀಲ ತೊಡೆಯ ಮೇಲಿಟ್ಟುಕೊಂಡು, ನೇರ ಶೆಡ್ಡಿಗೇ ಬಂದಳು. ಕೂಗಾಡಲಿಲ್ಲ. ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಮೇಜಿನ ಅಂಚಿಗೆ ಒಂದೊಂದಾಗಿ ಒರಗಿಸಿಟ್ಟಳು. ಅಂಚಿಗೂ ಕಾಯಿಗೂ ನಡುವೆ ಬೆಳಕು ತೂರದಷ್ಟು ನೆಟ್ಟಗಿದ್ದವು.

‘ಯಾವುದು ಸೊಟ್ಟ, ತೋರ್ಸಿ’ ಎಂದಳು.

ಆರಿಸುವ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ಒಂದು ಕಾಯಿ ಎತ್ತಿ, ಬಣ್ಣ ಸರಿಯಿಲ್ಲ ಎಂದೆ.

‘ಬಣ್ಣ’ ಎಂದಳು. ಕಾಯಿಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಬಿಟ್ಟರೆ ನಾನಿದ್ದೀನಿ ಅಂದಿದ್ದಿರಲ್ಲ ಎಂದು ಅವಳು ಕೇಳುತ್ತಾಳೆಂದು ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಕೇಳಲಿಲ್ಲ.

ಎಳೆ ಹುರುಳಿಕಾಯಿಯಿಂದ ಆ ಕಡೆಯ ಜನರ ಹೊಟ್ಟೆ ತುಂಬುವುದಿಲ್ಲ. ಅವರ ಊಟವೆಂದರೆ ಜೋಳ ಮತ್ತು ಕಾಳು ಒಟ್ಟಿಗೆ ಬೇಯಿಸಿದ್ದು. ವಾಪಸಾದ ಕಾಯಿಯೆಲ್ಲ ಹಸುವಿಗೆ, ಆಡಿಗೆ. ಕಣಜದಲ್ಲಿ ಹಳೆಯ ಜೋಳ ಮುಗಿಯುತ್ತ ಬಂದಿತ್ತು, ಹೊಸದನ್ನು ಆಡು ತಿಂದಿತ್ತು. ಇಷ್ಟನ್ನು ನಾನು ಯೋಚಿಸಲಿಲ್ಲ. ನಾನು ಯೋಚಿಸಿದ್ದು ಇಷ್ಟೇ: ಒಳ್ಳೆಯ ಬೆಳೆಗಾರ್ತಿ, ಕೈಬಿಟ್ಟು ಹೋಗಬಾರದು. ಜುಲೈ ಕೊನೆಯಲ್ಲಿ ಅವಳಿಗೂ ಇನ್ನು ಕೆಲವರಿಗೂ, ಸೆಪ್ಟೆಂಬರಿನಲ್ಲಿ ಬಿತ್ತಲು ಬೀಜವನ್ನು ಮುಂಚಿತವಾಗಿಯೇ, ಉಚಿತವಾಗಿ ಕೊಡುವುದೆಂದು ಜಯಂತಿಭಾಯಿಯನ್ನು ಒಪ್ಪಿಸಿದೆ. ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿಕೊಂಡೆ.

ಹುರುಳಿಕಾಯಿಯ ಬೀಜಕ್ಕೆ ಹುಳು, ಬೂಷ್ಟು ತಗಲದಂತೆ ಬೀಜದ ಕಂಪನಿಯವರು ವಿಷ ಹಚ್ಚಿರುತ್ತಾರೆ, ಗುರುತಿಗೆ ಗುಲಾಬಿ ಬಣ್ಣ ಸೇರಿಸಿರುತ್ತಾರೆ. ಅಲ್ಲಿಯವರೆಗೆ ನಾವು ರೈತರಿಗೆ ಕೊಡುತ್ತಿದ್ದದ್ದು ಮೊಹರು ಹಾಕಿದ ಸಣ್ಣ ಡಬ್ಬಿ. ಮೇಲೆ ತಲೆಬುರುಡೆಯ ಚಿತ್ರ. ಓದು ಬಾರದವರಿಗೂ ಅದರ ಅರ್ಥ ಗೊತ್ತಿತ್ತು. ಆ ವರ್ಷ ನಾನು ಚೌಕಾಸಿ ಮಾಡಿ ದೊಡ್ಡ ಮೂಟೆ ಕೊಂಡೆ. ಡಬ್ಬಿಗಿಂತ ಬಹಳ ಅಗ್ಗ. ಶೆಡ್ಡಿನಲ್ಲಿ ಅದನ್ನು ಬಿಚ್ಚುವಂತಿರಲಿಲ್ಲ. ಇಂಗ್ಲಿಷರು ತಿನ್ನುವ ಕಾಯಿಯ ಹತ್ತಿರ ವಿಷ ಹಚ್ಚಿದ ಬೀಜ ಸುಳಿಯಬಾರದೆಂದು ನಿಯಮವಿತ್ತು, ಆ ನಿಯಮದ ಕಾಗದಕ್ಕೆ ಸಹಿ ಹಾಕಿದವನು ನಾನೇ. ಆದ್ದರಿಂದ ಮೂಟೆಯನ್ನು ಮನೆಗೆ ತಂದೆ.

ನನ್ನ ಹೆಂಡತಿ ಸರೋಜ ಯಾವುದನ್ನೂ ಎಸೆಯುವವಳಲ್ಲ. ಇಲ್ಲಿ ಜೋಳದ ಹಿಟ್ಟು, ಉಂಗಾ, ಎರಡೆರಡು ಕಿಲೋ ಗಟ್ಟಿ ಕಾಗದದ ಪೊಟ್ಟಣದಲ್ಲಿ ಬರುತ್ತದೆ. ನಮ್ಮ ಕೆಲಸದವಳು ತಿಂಗಳಿಗೆ ಮೂರು ನಾಲ್ಕು ಪೊಟ್ಟಣ ಮುಗಿಸುತ್ತಿದ್ದಳು. ಖಾಲಿ ಪೊಟ್ಟಣಗಳನ್ನು ಸರೋಜ ಕೊಡವಿ, ಮಡಿಸಿ ಅಟ್ಟದಲ್ಲಿಟ್ಟಿದ್ದಳು. ಒಂದು ಭಾನುವಾರ ಇಬ್ಬರೂ ಅಡುಗೆಮನೆಯಲ್ಲಿ ಕೂತು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬೀಜ ಅಳೆದು ಆ ಪೊಟ್ಟಣಗಳಿಗೆ ತುಂಬಿದೆವು. ‘ರೀ, ಇದೇನ್ರೀ ಕೈಯೆಲ್ಲ ಕುಂಕುಮ ಆದ ಹಾಗಾಯ್ತು. ಮಕ್ಕಳೇ, ಮುಟ್ಟೀರಾ ಜೋಕೆ’ ಎನ್ನುತ್ತ ಅವಳು, ನಮ್ಮ ಹಿಟ್ಟಿನ ಪೊಟ್ಟಣಗಳ ಜೊತೆ ಸೇರಿಹೋಗದಿರಲಿ ಎಂದು, ಪ್ರತಿಯೊಂದರ ಮೇಲೂ ಬಾಲ್‌ಪೆನ್ನಿನಿಂದ ಏನೋ ಬರೆದಳು. ನಾನು ನೋಡಲಿಲ್ಲ. ತಲೆಬುರುಡೆಯ ಚಿತ್ರವಿದ್ದ ಖಾಲಿ ಮೂಟೆ ನಮ್ಮ ಗ್ಯಾರೇಜಿನಲ್ಲಿ ಉಳಿಯಿತು.

ಪೊಟ್ಟಣ ತೆಗೆದುಕೊಂಡಾಗ ಮಾಮಾ ಮ್ವೆಂಡೆ ಡಬ್ಬಿಯಲ್ಲಿ ಯಾಕಿಲ್ಲ ಎಂದು ಕೇಳಿದಳು. ಬೀಜ ಅದೇ, ಡಬ್ಬಿ ದಂಡ ಎಂದೆ.

ಆಗಸ್ಟ್ ನಡುವಿನಲ್ಲಿ ನಮ್ಮ ಪಿಕಪ್ಪಿನ ಡ್ರೈವರ್ ಸುದ್ದಿ ತಂದ. ಆ ಮನೆಯಲ್ಲಿ ಏನೋ ತಿಂದು ಎಲ್ಲರಿಗೂ ವಾಂತಿಯಾಗಿದೆ, ಹಿರಿಯ ಹುಡುಗಿ ತೀರಿಕೊಂಡಿದ್ದಾಳೆ, ಮಣ್ಣಾಗಿ ಮೂರು ದಿನವಾಯಿತು. ನಾನು ಹೊರಟೆ. ಹೋಗುವಾಗ ಎರಡು ಚೀಲ ಜೋಳ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ. ಕಾರಣ ಅಷ್ಟರಲ್ಲೇ ಎಲ್ಲೋ ಒಳಗೆ ಗೊತ್ತಿತ್ತು ಅನ್ನಿಸುತ್ತದೆ.

ಅಲ್ಲಿ ನೆರೆಯವರು, ಅತ್ತೆ ಹೇಳಿದ್ದನ್ನು ಜೋಡಿಸಿದರೆ ನಡೆದದ್ದು ಇದು. ಮನೆಯಲ್ಲಿ ಊಟಕ್ಕಿಲ್ಲದೆ ತಾಯಿ ಒಂದು ವಾರದ ಕೂಲಿಗೆ ಥಿಕಾದ ಹತ್ತಿರದ ಕಾಫಿ ತೋಟಕ್ಕೆ ಹೋಗಿದ್ದಳು. ಹೋಗುವಾಗ ಬೀಜದ ಪೊಟ್ಟಣವನ್ನು ಸೂರಿನ ಗಳುವಿಗೆ ನೇತುಹಾಕಿ, ಇದು ಬಿತ್ತನೆಗೆ ಎಂದೂ ಹೇಳಿದ್ದಳು. ಐದನೆಯ ದಿನ ಉಳಿದಿದ್ದ ಹಿಟ್ಟೂ ಮುಗಿಯಿತು. ಮ್ವೆಂಡೆಗೆ ಒಂಬತ್ತೋ ಹತ್ತೋ ವರ್ಷ. ತಮ್ಮಂದಿರಿಬ್ಬರು ಅಳುತ್ತಿದ್ದರು. ಆ ಕಡೆ ಸಂತೆಯಿಂದ ಕಾಳು, ಜೋಳ ಎಲ್ಲ ಬರುವುದು ಹಳೆಯ ಉಂಗಾ ಪೊಟ್ಟಣದಲ್ಲೇ. ಎರಡು ಹಿಡಿ ತೆಗೆದರೆ ಅಮ್ಮ ಬೈಯುವುದಿಲ್ಲ ಎಂದು ಹುಡುಗಿ ಅಂದುಕೊಂಡಿರಬೇಕು. ನೀರಿಗೆ ಹಾಕಿದಳು, ನೀರು ಕೆಂಪಾಯಿತು. ಚೆಲ್ಲಿ ಮತ್ತೆ ತೊಳೆದಳು. ನಾಲ್ಕು ಸಲ ತೊಳೆದಳಂತೆ, ನೀರು ತಿಳಿಯಾಗುವವರೆಗೆ. ಆ ಮುದುಕಿ ನಾಲ್ಕು ಬೆರಳೆತ್ತಿ ತೋರಿಸಿದಳು. ಬೆಂದಿದೆಯೇ ಎಂದು ನೋಡಲು ಮೊದಲು ತಿಂದವಳು, ಹೆಚ್ಚು ತಿಂದವಳು ಮ್ವೆಂಡೆಯೇ. ಹುಡುಗರೂ ಅಜ್ಜಿಯೂ ಒಂದೊಂದು ತುತ್ತು ತಿನ್ನುವಷ್ಟರಲ್ಲಿ ಅವಳು ಬಿದ್ದಿದ್ದಳು. ಆಸ್ಪತ್ರೆಗೆ ಹೊತ್ತೊಯ್ಯುವ ದಾರಿಯಲ್ಲೇ ಮುಗಿಯಿತು.

ಪೊಟ್ಟಣ ಇನ್ನೂ ಒಲೆಯ ಪಕ್ಕದಲ್ಲಿತ್ತು, ಮುಕ್ಕಾಲು ತುಂಬಿ. ಒಂದು ಮಗ್ಗುಲಲ್ಲಿ ಜೋಳದ ತೆನೆಯ ಚಿತ್ರ. ತಿರುಗಿಸಿದೆ. ಸರೋಜಳ ದುಂಡು ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿತ್ತು: ‘ವಿಷದ ಬೀಜ. ಅಡುಗೆಗೆ ಅಲ್ಲ.’

ಆ ಸೀಮೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ನಾನು ಬಂದದ್ದು ಮಣ್ಣಾದ ಮೂರು ದಿನಕ್ಕೆ.

ಮಾಮಾ ಮ್ವೆಂಡೆ ಗೋಡೆಗೊರಗಿ ಕೂತಿದ್ದಳು. ಏನು ಬರೆದಿದೆ ಎಂದು ಕೇಳಿದಳು. ಹೇಳಿದೆ. ಸುಳ್ಳು ಹೇಳಲು ಅಷ್ಟೊಂದು ಅಭ್ಯಾಸವಿದ್ದ ಬಾಯಿಗೆ ಆ ಹೊತ್ತು ಒಂದು ಸುಳ್ಳೂ ಸಿಗಲಿಲ್ಲ. ಡಬ್ಬಿ ಬಿಟ್ಟು ಮೂಟೆ ಕೊಂಡದ್ದನ್ನೂ ಹೇಳಿದೆ. ಅವಳು ಪೊಟ್ಟಣ ಕೇಳಿ ತೆಗೆದುಕೊಂಡು, ಆ ಅಕ್ಷರಗಳ ಮೇಲೆ ಬೆರಳಾಡಿಸಿ, ‘ಅವಳು ನಾಲ್ಕನೇ ಕ್ಲಾಸು. ಸ್ವಾಹಿಲಿ ಓದ್ತಿದ್ಲು, ಇಂಗ್ಲಿಷ್ ಕೂಡ ಓದ್ತಿದ್ಲು’ ಎಂದಳು. ಜೋಳದ ಚೀಲಗಳನ್ನು ಡ್ರೈವರ್ ಇಳಿಸುತ್ತಿದ್ದ. ಮುದುಕಿ ಅತ್ತ ಮುಖ ತಿರುಗಿಸಿದಳು.

ಬೀಜ ಪಡೆದ ಉಳಿದ ಮನೆಗಳಿಗೂ ಹೋಗಿ, ಅದು ವಿಷ ಎಂದು ಹೇಳಿ ನೈರೋಬಿಗೆ ಬಂದೆ. ಜಯಂತಿಭಾಯಿ ಕೆಟ್ಟವರಲ್ಲ. ಸುದ್ದಿ ಕೇಳಿ ಆಫೀಸಿನ ಬಾಗಿಲು ಮುಚ್ಚಿ ನನ್ನನ್ನು ಕೂರಿಸಿದರು. ಆಮೇಲೆ, ‘ಬೀಜ ಕೊಟ್ಟದ್ದು ಬಿತ್ತೋದಕ್ಕೆ, ತಿನ್ನೋದಕ್ಕಲ್ಲ. ಕೇಳಿದವರಿಗೆ ಹಾಗೇ ಹೇಳು’ ಎಂದರು. ಹಳ್ಳಿಯ ಮುಖ್ಯಸ್ಥ ಬಂದು ಕೇಳಿದಾಗ ಅವರ ಎದುರಿಗೇ ನಾನು ಪೊಟ್ಟಣದ ವಿಷಯವನ್ನೆಲ್ಲ ಹೇಳಿದೆ. ಅವನು ಬರೆದುಕೊಂಡು ಹೋದ. ಅದರಿಂದ ಏನೂ ಆಗಲಿಲ್ಲ. ಆಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಸರೋಜಳಿಗೆ ನಾನು ಹೇಳಿದ್ದು ಬಹಳ ದಿನಗಳ ಮೇಲೆ. ಅವಳು ಎದ್ದು ಅಟ್ಟದಲ್ಲಿದ್ದ ಪೊಟ್ಟಣಗಳನ್ನೆಲ್ಲ ಇಳಿಸಿ, ಹಿತ್ತಲಲ್ಲಿ ಸುಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಖಾಲಿ ಪೊಟ್ಟಣ ಎತ್ತಿಡುವುದಿಲ್ಲ.

ಹೊಸಬರಿಗೆ ನಾನು ಹಾಕುವ ಎರಡನೆಯ ಪ್ರಶ್ನೆ ಇಲ್ಲಿಂದ ಬಂದದ್ದು. ಬೆಳೆಯುವವನ ಕಣಜದಲ್ಲಿ ಇವತ್ತು ಏನಿದೆ? ನೀವೇ ಏಣಿ ಹತ್ತಿ ನೋಡಿ. ಇಂಗ್ಲೆಂಡಿಗೆ ಮಾವು ಬೆಳೆಯಲಾಗದಿದ್ದರೆ ಅವರು ಒಂದು ದಿನ ಸೇಬು ತಿಂದು ಮಲಗುತ್ತಾರೆ. ನಿಮ್ಮ ಮಾತು ಕೇಳಿ ತಮ್ಮ ಊಟ ಬೆಳೆಯುವುದನ್ನು ಬಿಟ್ಟವರಿಗೆ ಹಾಗೆ ಬದಲಿಯಿಲ್ಲ. ನೆಲದ ಅರ್ಧದಲ್ಲಿ ಊಟದ ಬೆಳೆ ಇಲ್ಲದ ಯಾರಿಗೂ ನಾನು ಆಮೇಲೆ ಬೀಜ ಕೊಡಲಿಲ್ಲ. ಜಯಂತಿಭಾಯಿ ಗೊಣಗಿದರು, ಆಮೇಲೆ ಸುಮ್ಮನಾದರು. ಮೊಹರಿನ ಡಬ್ಬಿಯಲ್ಲಲ್ಲದೆ ನಾನು ಬೀಜ ಕೊಡಲೂ ಇಲ್ಲ. ಈಗೇನೋ ಬೀಜಕ್ಕೆ ಬೀಗ, ರಿಜಿಸ್ಟರು, ತಪಾಸಣೆ ಎಲ್ಲ ಬಂದಿದೆಯಂತೆ. ಒಳ್ಳೆಯದು. ಆದರೆ ತಪಾಸಣೆಗೆ ಬರುವವರು ಕಣಜದ ಏಣಿ ಹತ್ತಿದ್ದನ್ನು ನಾನು ನೋಡಿಲ್ಲ.

ಆ ವರ್ಷದ ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನಲ್ಲಿ ಮೊದಲ ಹಿಮ ಬಿತ್ತು. ಫ್ಯಾಕ್ಸ್ ಮೇಲೆ ಫ್ಯಾಕ್ಸ್, ಎಷ್ಟಿದ್ದರೂ ಕಳಿಸಿ ಎಂದು. ಆ ವಾರದಲ್ಲೇ ಒಂದು ಬೆಳಿಗ್ಗೆ ಮ್ವೆಂಡೆಯ ತಾಯಿ ಮಟಾಟು ಇಳಿದು, ಚೀಲ ಹೊತ್ತು ಶೆಡ್ಡಿಗೆ ಬಂದಳು. ಪೊಟ್ಟಣದಲ್ಲಿ ಉಳಿದಿದ್ದ ಮುಕ್ಕಾಲು ಬೀಜವನ್ನು ಅವಳು ಬಿತ್ತಿದ್ದಳೆಂದು ಆಗಲೇ ನನಗೆ ತಿಳಿದದ್ದು. ಬೇರೆ ಬೀಜ ಅವಳಲ್ಲಿ ಇರಲಿಲ್ಲ, ಉಳಿದ ಇಬ್ಬರು ಮಕ್ಕಳಿಗೆ ಜೋಳ ಕೊಳ್ಳಬೇಕಿತ್ತು. ಪುಸ್ತಕ ತೆರೆದರೆ ಹೆಸರಿನ ಮುಂದೆ ನನ್ನ ಕೈ ನಿಂತಿತು. ಆ ಹೆಸರು ಕೂಗಿ ಕರೆಯುವುದು ಹೇಗೆ? ನಿನ್ನ ಸ್ವಂತ ಹೆಸರೇನು ಎಂದು ಕೇಳಿದೆ.

‘ಇರೋ ಹೆಸರೇ ಬರೀರಿ’ ಎಂದಳು. ‘ಮಾಮಾ ಮ್ವೆಂಡೆ.’

ಬರೆದೆ. ಚೀಲವನ್ನು ತೂಕಕ್ಕಿಟ್ಟು, ಆರಿಸುವುದು ಬೇಡ, ಪೂರ್ತಿ ತೆಗೆದುಕೊಳ್ಳಿ ಎಂದು ಹೆಂಗಸರಿಗೆ ಹೇಳಿದೆ. ಅವಳು ಚೀಲದ ಬಾಯಿಗೆ ಕೈ ಅಡ್ಡ ಹಾಕಿದಳು.

‘ಆರ್ಸಿ. ಜೂನ್‌ನಲ್ಲಿ ಆರಿಸಿದ ಹಾಗೇ ಆರ್ಸಿ.’

ಹೆಂಗಸರನ್ನು ದೂರ ನಿಲ್ಲಿಸಿ, ಕಾಯಿ ಮೇಜಿನ ಮೇಲೆ ಸುರಿದು, ನಾನೇ ಕೂತೆ. ಅವಳು ಎದುರಿಗೆ ನಿಂತಳು. ಒಂದೊಂದನ್ನೇ ಎತ್ತಿ, ಅಂಚಿಗೆ ಹಿಡಿದು, ಬೆಳಕಿಗೆ ಹಿಡಿದು ನೋಡುತ್ತ ಹೋದೆ. ಮಧ್ಯಾಹ್ನವಾಯಿತು. ರಿಜೆಕ್ಟಿನ ಬುಟ್ಟಿಗೆ ಹಾಕಲು ಒಂದು ಕಾಯಿಯೂ ಸಿಗಲಿಲ್ಲ.